ಖಾಲಿ ಪ್ಲಾಟು ಮತ್ತು ಮನೆಯಂಗಳದ ಕಸ ತೆಗೆಯುವ ಸಣ್ಣ ಉದ್ಯೋಗ: ಯಾವ ಯಂತ್ರ ಕೊಳ್ಳಬೇಕು?

ಪ್ರಶ್ನೆ: ನಾನು ಹುಬ್ಬಳ್ಳಿಯ ನವನಗರದ ನಿವಾಸಿ. ಮಳೆಗಾಲದಲ್ಲಿ ಬಡಾವಣೆಗಳ ಖಾಲಿ ಪ್ಲಾಟುಗಳಲ್ಲಿ ಮತ್ತು ಮನೆಗಳ ಹಿತ್ತಲಿನಲ್ಲಿ ಬೆಳೆಯುವ ಕಾಂಗ್ರೆಸ್ ಕಸ, ಹುಲ್ಲುಗಳನ್ನು ತೆಗೆದುಕೊಡುವ ಕೆಲಸವನ್ನು ತಮ್ಮನೊಂದಿಗೆ ಆರಂಭಿಸಬೇಕೆಂದಿದ್ದೇನೆ. ಕೈಯಲ್ಲಿ ಒಂದೂವರೆ ಲಕ್ಷ ರೂಪಾಯಿ ಇದೆ. ತಳ್ಳಿಕೊಂಡು ಹೋಗುವ ಪವರ್ ವೀಡರ್ ಒಂದಿದ್ದರೆ ಎಲ್ಲ ಕೆಲಸವೂ ಆಗುತ್ತದೆ ಎಂದು ಕೆಲವರು, 52 ಸಿಸಿಯ ಬ್ರಷ್ ಕಟರ್ ಕೊಳ್ಳಿ ಎಂದು ಕೆಲವರು ಹೇಳುತ್ತಾರೆ. ಬ್ಯಾಟರಿ ಯಂತ್ರಗಳು ಹೇಗೆ? ತಂದೆಯವರ ಹೆಸರಿನಲ್ಲಿ ಹೊಲವಿದೆ, ಸಬ್ಸಿಡಿಯಲ್ಲಿ ಪಡೆಯಬಹುದೆ? ಕೃಷಿ ಮೇಳದವರೆಗೆ ಕಾಯಬೇಕೆ?

ಉತ್ತರ: ನಿಮ್ಮ ಕೆಲಸಕ್ಕೆ ಪವರ್ ವೀಡರ್ ಬೇಡ, 52 ಸಿಸಿಯ ಯಂತ್ರವೂ ಬೇಡ. ಹೆಗಲಿಗೆ ಪಟ್ಟಿ ಹಾಕಿಕೊಂಡು ಎರಡು ಕೈಯ ಹಿಡಿಕೆಯಿಂದ ನಡೆಸುವ, 35 ಸಿಸಿ ಆಸುಪಾಸಿನ, ನಾಲ್ಕು ಸ್ಟ್ರೋಕಿನ ಬ್ರಷ್ ಕಟರುಗಳನ್ನು ಕೊಳ್ಳಿರಿ. ಎರಡು ಕೊಳ್ಳಿರಿ, ಎರಡೂ ಒಂದೇ ಕಂಪನಿಯ ಒಂದೇ ಮಾದರಿಯವಾಗಿರಲಿ. ನಿಮ್ಮ ಬಂಡವಾಳದ ಅರ್ಧದಷ್ಟನ್ನು ಮಾತ್ರ ಯಂತ್ರಗಳಿಗೆ ಇಟ್ಟುಕೊಂಡು, ಉಳಿದರ್ಧವನ್ನು ಮೈಗಾವಲಿನ ಸಾಮಾನು, ಬ್ಲೇಡು, ಕೈಸಲಕರಣೆ, ಸಾಗಾಟ ಮತ್ತು ಮೊದಲ ಎರಡು ತಿಂಗಳ ಓಡಾಟದ ಖರ್ಚಿಗೆ ಮೀಸಲಿಡುವುದು ಸೂಕ್ತ. ಈ ಸಲಹೆಗೆ ಕಾರಣ ನೀವು ಕೆಲಸ ಮಾಡಲಿರುವ ನೆಲದಲ್ಲಿಯೂ ನೀವು ತೆಗೆಯಲಿರುವ ಗಿಡದಲ್ಲಿಯೂ ಇದೆ. ಅವೆರಡನ್ನು ಬಿಟ್ಟು ಎಂಜಿನ್ನಿನ ಬಲವನ್ನಷ್ಟೇ ನೋಡಿ ಕೊಂಡ ಯಂತ್ರಗಳು ಎರಡನೆಯ ವರ್ಷಕ್ಕೆ ಮೂಲೆ ಸೇರುವುದನ್ನು ನಾನು ಬಹಳ ಕಡೆ ಕಂಡಿದ್ದೇನೆ.

ಮೊದಲು ನೆಲದ ಮಾತು. ಹುಬ್ಬಳ್ಳಿಯ ಸುತ್ತಲಿನ ಬಹುಪಾಲು ಭೂಮಿ ಎರೆಮಣ್ಣಿನದು. ಒಂದು ಒಳ್ಳೆಯ ಮಳೆ ಬಿದ್ದರೆ ಅದರಲ್ಲಿ ಚಪ್ಪಲಿಯೇ ಕಿತ್ತು ಬರುವುದಿಲ್ಲ, ಇನ್ನು ಗಾಲಿಯ ಯಂತ್ರ ಮುಂದೆ ಸಾಗುವುದೆಲ್ಲಿಂದ ಬಂತು? ಜೂನ್‌ನಿಂದ ಅಕ್ಟೋಬರ್‌ವರೆಗೆ, ಅಂದರೆ ನಿಮಗೆ ಕೆಲಸ ಹೆಚ್ಚಾಗಿ ಬರುವ ತಿಂಗಳುಗಳಲ್ಲಿಯೇ, ಪವರ್ ವೀಡರ್ ಎರೆಮಣ್ಣಿನ ಪ್ಲಾಟಿನಲ್ಲಿ ಇಳಿಯಲಾರದೆ ನಿಲ್ಲುವ ದಿನಗಳು ಬಹಳ. ಧಾರವಾಡದ ಕಡೆಗೆ, ಅದರಲ್ಲೂ ಪಶ್ಚಿಮಕ್ಕೆ ಹೋದಂತೆ, ಮಣ್ಣು ಕೆಂಪಾಗಿ ನೀರು ಬೇಗ ಇಂಗುತ್ತದೆಯಾದರೂ ಅಲ್ಲಿ ಕಲ್ಲಿನ ಕಾಟವಿದೆ. ಹೊಸ ಬಡಾವಣೆಗಳಲ್ಲಿ ಎರಡೂ ಕಡೆ ಗರಸು ಹಾಕಿ ತುಂಬಿಸಿರುತ್ತಾರೆ, ಪಕ್ಕದ ಮನೆ ಕಟ್ಟುವಾಗ ಉಳಿದ ಇಟ್ಟಂಗಿ ಚೂರು, ಬೈಂಡಿಂಗ್ ತಂತಿ, ಸಿಮೆಂಟಿನ ಹರಿದ ಚೀಲ, ರಾತ್ರಿ ಯಾರೋ ಎಸೆದುಹೋದ ಬಾಟಲಿಗಳು ಹುಲ್ಲಿನ ಅಡಿಯಲ್ಲಿ ಕಾಣದಂತೆ ಬಿದ್ದಿರುತ್ತವೆ. ಪವರ್ ವೀಡರಿನ ತಿರುಗುವ ಹಲ್ಲುಗಳಿಗೆ ಇಂಥ ತಂತಿ, ಚೀಲ ಸುತ್ತಿಕೊಂಡರೆ ಬಿಡಿಸುವುದರಲ್ಲಿಯೇ ಅರ್ಧ ದಿನ ಹೋಗುತ್ತದೆ.

ಪ್ಲಾಟಿನ ಅಳತೆಯೂ ಗಾಲಿಯ ಯಂತ್ರಕ್ಕೆ ಹೊಂದುವುದಿಲ್ಲ. 30×40 ಎಂದರೆ 1,200 ಚದರ ಅಡಿ, ಒಂದು ಗುಂಟೆಗಿಂತ ತುಸು ಹೆಚ್ಚು. 40×60 ಎಂದರೆ 2,400 ಚದರ ಅಡಿ, ಎರಡು ಗುಂಟೆಗೆ ಸ್ವಲ್ಪ ಮೇಲೆ. ಇಷ್ಟು ಜಾಗದಲ್ಲಿ ಕಂಪೌಂಡಿನ ಬುಡ, ಗಡಿಕಲ್ಲು, ವಿದ್ಯುತ್ ಕಂಬ, ಗಟಾರದ ಅಂಚು ಇವೇ ಕೆಲಸದ ದೊಡ್ಡ ಭಾಗ. ಅಲ್ಲೆಲ್ಲ ಕೈಯಲ್ಲಿ ಹಿಡಿದು ತಿರುಗಿಸುವ ಯಂತ್ರವೇ ಬೇಕು. ಎರಡು ಎಕರೆಯ ತೋಟದಲ್ಲಿ, ಸಾಲುಗಳ ನಡುವೆ ಪವರ್ ವೀಡರ್ ಬಹಳ ಒಳ್ಳೆಯ ಯಂತ್ರ. ಅದು ಹುಟ್ಟಿದ್ದೇ ಆ ಕೆಲಸಕ್ಕೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವಿದೆ. ಪವರ್ ವೀಡರ್ ಮಣ್ಣನ್ನು ಕೆದಕುತ್ತದೆ. ಒಂದೇ ಕಾಂಗ್ರೆಸ್ ಗಿಡ ಹದಿನೈದು ಸಾವಿರಕ್ಕೂ ಮಿಕ್ಕಿ ಬೀಜ ಉದುರಿಸಬಲ್ಲದು, ಮಣ್ಣಿನಲ್ಲಿ ಹೂತ ಬೀಜ ವರ್ಷಗಟ್ಟಲೆ ಜೀವ ಹಿಡಿದುಕೊಂಡು ಇರುತ್ತದೆ. ಕೆದಕಿದ ನೆಲದಲ್ಲಿ ಆ ಬೀಜಗಳು ಮೇಲೆ ಬಂದು ಮುಂದಿನ ಮಳೆಗೆ ಮೊದಲಿಗಿಂತ ದಟ್ಟವಾಗಿ ಏಳುತ್ತವೆ, ಹಣ ಕೊಟ್ಟ ಪ್ಲಾಟಿನ ಮಾಲೀಕರು ತಿಂಗಳೊಳಗೆ ನಿಮಗೆ ಫೋನ್ ಮಾಡುತ್ತಾರೆ.

ಕಾಂಗ್ರೆಸ್ ಕಸದ ಸ್ವಭಾವವನ್ನು ಅರಿತರೆ ಸಲಕರಣೆಯ ಆಯ್ಕೆ ಅರ್ಧ ತೀರ್ಮಾನವಾದಂತೆ. 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಗುರುತಿಸಲ್ಪಟ್ಟ ಈ ಗಿಡ ಇಂದು ನಮ್ಮ ಯಾವ ಊರನ್ನೂ ಬಿಟ್ಟಿಲ್ಲ. ಮೊಳಕೆಯೊಡೆದ ನಾಲ್ಕರಿಂದ ಆರು ವಾರಗಳಲ್ಲಿ ಇದು ಬಿಳಿ ಹೂ ಬಿಡುತ್ತದೆ. ಹೂ ಬಿಡುವ ಮೊದಲು, ಗೇಣುದ್ದ ಇದ್ದಾಗ, ನೆಲ ಹಸಿಯಿದ್ದಾಗ ಬೇರು ಸಮೇತ ಕಿತ್ತರೆ ಕೆಲಸ ನಿಜವಾಗಿ ಮುಗಿಯುತ್ತದೆ. ಯಂತ್ರದಿಂದ ಮೇಲ್ಭಾಗವನ್ನಷ್ಟೇ ಕತ್ತರಿಸಿದರೆ ಬುಡದಿಂದ ಮತ್ತೆ ಚಿಗುರಿ, ಈ ಸಲ ನೆಲಕ್ಕೆ ಹತ್ತಿರದಲ್ಲಿಯೇ ಹೂ ಬಿಡುತ್ತದೆ. ಹೂ ಬಿಟ್ಟ ಮೇಲೆ ಕತ್ತರಿಸಿದರೆ ಪರಾಗವನ್ನೂ ಬೀಜವನ್ನೂ ಯಂತ್ರವೇ ಸುತ್ತಲೂ ತೂರುತ್ತದೆ. ಆದ್ದರಿಂದ ನಿಮ್ಮ ಸಲಕರಣೆಗಳ ಪಟ್ಟಿಯಲ್ಲಿ ಬ್ರಷ್ ಕಟರಿನ ಸಾಲಿನಲ್ಲಿಯೇ ಕುರ್ಪಿ, ಗುದ್ದಲಿ ಮತ್ತು ಮೊಣಕೈವರೆಗೆ ಬರುವ ದಪ್ಪ ರಬ್ಬರ್ ಕೈಗವಸು ಇರಬೇಕು. ಜೂನ್ ಕೊನೆಯಲ್ಲಿ ಕಿತ್ತು, ಆಗಸ್ಟಿನಲ್ಲಿ ಇನ್ನೊಮ್ಮೆ ಬಂದು ಉಳಿದ ಹುಲ್ಲನ್ನು ಯಂತ್ರದಿಂದ ಸವರುವ ಎರಡು ಭೇಟಿಗಳ ಒಪ್ಪಂದವನ್ನು ಮಾಲೀಕರೊಂದಿಗೆ ಮಾಡಿಕೊಂಡರೆ ಯಂತ್ರದ ಮೇಲಿನ ಹೊರೆಯೂ ಇಳಿಯುತ್ತದೆ, ಅವರ ಪ್ಲಾಟೂ ವರ್ಷದಿಂದ ವರ್ಷಕ್ಕೆ ಹಸನಾಗುತ್ತದೆ.

ಈ ಗಿಡ ಮೈಗೆ ಮಾಡುವ ಕೇಡನ್ನು ಲಘುವಾಗಿ ತೆಗೆದುಕೊಳ್ಳಬೇಡಿರಿ. ಪದೇ ಪದೇ ತಾಗಿದವರಿಗೆ ಚರ್ಮದ ಮೇಲೆ ಕೆಂಪು ಗುಳ್ಳೆ, ತಡೆಯಲಾರದ ತುರಿಕೆ, ಪರಾಗ ಉಸಿರಿನೊಳಗೆ ಹೋದವರಿಗೆ ಸೀನು ಮತ್ತು ಉಬ್ಬಸ ಬರುತ್ತವೆ. ಮೊದಲ ವರ್ಷ ಏನೂ ಆಗದವರಿಗೆ ಎರಡನೆಯ, ಮೂರನೆಯ ವರ್ಷ ಆಗಬಹುದು, ಒಮ್ಮೆ ಮೈ ಅದಕ್ಕೆ ಕೆರಳಲು ಕಲಿತರೆ ಆಮೇಲೆ ಆ ಗಿಡದ ಹತ್ತಿರ ನಿಂತರೂ ಸಾಕು. ದಿನಗೂಲಿಗೆ ಬಂದವರು ಅರ್ಧ ತೋಳಿನ ಅಂಗಿಯಲ್ಲಿ, ಬರಿಗೈಯಲ್ಲಿ ಕಾಂಗ್ರೆಸ್ ಕೀಳುತ್ತಿರುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಿಮಗೂ ತಮ್ಮನಿಗೂ ಮಾತ್ರವಲ್ಲದೆ ನೀವು ಕರೆದೊಯ್ಯುವ ಪ್ರತಿ ಆಳಿಗೂ ತುಂಬು ತೋಳಿನ ಅಂಗಿ, ಕೈಗವಸು, ಮೂಗು ಬಾಯಿ ಸರಿಯಾಗಿ ಮುಚ್ಚುವ ಎನ್-95 ಮಾಸ್ಕ್ ಕೊಡಿರಿ. ಯಾರಿಗಾದರೂ ತುರಿಕೆ ಕಾಣಿಸಿಕೊಂಡರೆ ಅವರನ್ನು ಸಾಗಾಟದ ಕೆಲಸಕ್ಕೆ ಹಚ್ಚದೆ ಪೂರ್ತಿಯಾಗಿ ಗಿಡದಿಂದ ದೂರವಿಟ್ಟು ಚರ್ಮದ ವೈದ್ಯರಿಗೆ ತೋರಿಸಿರಿ.

ಇನ್ನು ಎಂಜಿನ್. 52 ಸಿಸಿ ಎಂದು ಮಾರುವ ಅಗ್ಗದ ಯಂತ್ರಗಳು ಹೆಚ್ಚಾಗಿ ಎರಡು ಸ್ಟ್ರೋಕಿನವು, ಭಾರ ಹೆಚ್ಚು, ನಡುಕ ಹೆಚ್ಚು. ದಿನಕ್ಕೆ ಐದಾರು ತಾಸು ಹಿಡಿಯುವವನ ಬೆರಳು ಜೋಮು ಹಿಡಿಯುವುದು ಈ ನಡುಕದಿಂದಲೇ. ಅವುಗಳಿಗೆ ಪೆಟ್ರೋಲಿನಲ್ಲಿ ಟೂ-ಟಿ ಆಯಿಲ್ ಬೆರೆಸಬೇಕು. ಕಂಪನಿಯ ಪುಸ್ತಕದಲ್ಲಿ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿ.ಲೀ., 40ಕ್ಕೆ 1 ಎಂದಿದ್ದರೆ 25 ಮಿ.ಲೀ., 25ಕ್ಕೆ 1 ಎಂದಿದ್ದರೆ 40 ಮಿ.ಲೀ. ಕೆಲಸದ ಗಡಿಬಿಡಿಯಲ್ಲಿ ಆಯಿಲ್ ಬೆರೆಸದ ಕ್ಯಾನು ಒಮ್ಮೆ ಯಂತ್ರಕ್ಕೆ ಸುರಿದರೆ ಪಿಸ್ಟನ್ ಹಿಡಿದುಕೊಂಡು ಎಂಜಿನ್ ಅಲ್ಲಿಗೇ ಮುಗಿಯುತ್ತದೆ. ನಾಲ್ಕು ಸ್ಟ್ರೋಕಿನದಕ್ಕೆ ಬಂಕಿನಿಂದ ತಂದ ಪೆಟ್ರೋಲನ್ನು ಹಾಗೆಯೇ ಹಾಕಬಹುದು, ಹೊಗೆ ಕಡಿಮೆ, ಸದ್ದು ತುಸು ಮೆತ್ತಗೆ. ಮನೆಗಳ ನಡುವೆ, ಬೆಳಗಿನ ಹೊತ್ತು ಕೆಲಸ ಮಾಡುವವರಿಗೆ ಇದು ಸಣ್ಣ ಅನುಕೂಲವಲ್ಲ. ಹೋಂಡಾದ 35.8 ಸಿಸಿ ಎಂಜಿನ್ ಈ ವರ್ಗದಲ್ಲಿ ಮೆಕ್ಯಾನಿಕ್‌ಗಳಿಗೆ ಚೆನ್ನಾಗಿ ಪರಿಚಿತ. ಅದರ ಹೊಟ್ಟೆಗೆ ಹಿಡಿಯುವ ಆಯಿಲ್ ಕೇವಲ 100 ಮಿ.ಲೀ., ಆದ್ದರಿಂದ ಅದು ಸ್ವಲ್ಪ ಇಳಿದರೂ ಅಪಾಯ. ದಿನವೂ ಬೆಳಿಗ್ಗೆ ಆಯಿಲ್ ಮಟ್ಟ ನೋಡುವುದು, ಮೊದಲ 10 ತಾಸಿಗೆ ಮತ್ತು ಆಮೇಲೆ ಪ್ರತಿ 50 ತಾಸಿಗೆ ಬದಲಿಸುವುದು, ಏರ್ ಫಿಲ್ಟರನ್ನು ದೂಳಿನ ದಿನಗಳಲ್ಲಿ ಸಂಜೆಗೊಮ್ಮೆ ತೊಳೆಯುವುದು, ತುದಿಯ ಗೇರ್ ಹೆಡ್ಡಿಗೆ ವಾರಕ್ಕೊಮ್ಮೆ ಗ್ರೀಸ್ ತುಂಬುವುದು, ಇಷ್ಟನ್ನು ತಪ್ಪದೆ ಮಾಡಿದರೆ ಯಂತ್ರ ನಿಮ್ಮನ್ನು ಕೈಬಿಡುವುದಿಲ್ಲ. ಸ್ಟಿಲ್ ಅಥವಾ ಹಸ್ಕ್‌ವಾರ್ನಾದ 40 ಸಿಸಿ ಆಸುಪಾಸಿನ ಎರಡು ಸ್ಟ್ರೋಕಿನ ವೃತ್ತಿ ಮಾದರಿಗಳು ಬಲದಲ್ಲಿ ಮೇಲು ಎಂಬುದು ನಿಜ. ಆಯಿಲ್ ಬೆರೆಸುವ ಶಿಸ್ತು ಕೈಗೆ ಹತ್ತಿದ ಮೇಲೆ, ಮೂರನೆಯ ಯಂತ್ರವಾಗಿ ಅಂಥದ್ದನ್ನು ಯೋಚಿಸಬಹುದು.

ಇಂದಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ, ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟರೆ ಕಾರ್ಬುರೇಟರಿನ ಸಣ್ಣ ರಂಧ್ರಗಳು ಕಟ್ಟಿಕೊಳ್ಳುತ್ತವೆ, ರಬ್ಬರಿನ ಭಾಗಗಳು ಬಿಗಿಯುತ್ತವೆ. ವಾರಕ್ಕೆ ಬೇಕಾದಷ್ಟನ್ನೇ ತನ್ನಿರಿ. ನವೆಂಬರಿನ ನಂತರ ಕೆಲಸ ತಗ್ಗಿದಾಗ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಒಣಗಿದ ಜಾಗದಲ್ಲಿಡಿರಿ. ಜೂನ್‌ನಲ್ಲಿ ಸ್ಟಾರ್ಟ್ ಆಗದ ಯಂತ್ರಗಳ ರಿಪೇರಿಯಲ್ಲಿ ಹೆಚ್ಚಿನವು ಈ ಒಂದು ಉದಾಸೀನದ ಫಲ.

ಕತ್ತರಿಸುವ ತುದಿಯ ವಿಷಯದಲ್ಲಿ ಒಂದೇ ಬ್ಲೇಡಿನಿಂದ ಎಲ್ಲವನ್ನೂ ಸವರುವ ಹಟ ಒಳ್ಳೆಯದಲ್ಲ. ಕಂಪೌಂಡಿನ ಬುಡ, ಕಂಬ, ಗಡಿಕಲ್ಲಿನ ಹತ್ತಿರ ನೈಲಾನ್ ದಾರದ ಹೆಡ್ಡು, ಎಳೆಯ ಹುಲ್ಲಿಗೂ ಅದೇ. ಪೆನ್ಸಿಲ್ ದಪ್ಪಕ್ಕೆ ಬಲಿತ ಕಾಂಗ್ರೆಸ್ಸಿಗೆ, ಒರಟು ಹುಲ್ಲಿಗೆ ಮೂರು ಹಲ್ಲಿನ ಬ್ಲೇಡು. ಬೆರಳು ದಪ್ಪದ ಪೊದೆಗೆ ಸಣ್ಣ ಹಲ್ಲುಗಳ ಗರಗಸದ ಬ್ಲೇಡು. ಕಬ್ಬಿಣದ ಬ್ಲೇಡಿನ ಬಲಬದಿಯ ಮುಂಭಾಗ ಗೋಡೆಗೋ ಕಲ್ಲಿಗೋ ತಾಗಿದರೆ ಯಂತ್ರ ಥಟ್ಟನೆ ಪಕ್ಕಕ್ಕೆ ಎಗರುತ್ತದೆ. ಹೀಗಾಗಿ ಬ್ಲೇಡು ಹಾಕಿದ ಯಂತ್ರವನ್ನು ಗೋಡೆಯಿಂದ ದೂರದಲ್ಲಿಯೇ, ಬಲದಿಂದ ಎಡಕ್ಕೆ ಬೀಸುತ್ತ ನಡೆಸಬೇಕು. ಇಲ್ಲಿ ಎರಡು ಯಂತ್ರಗಳಿರುವುದರ ಉಪಯೋಗ ಕಾಣುತ್ತದೆ: ಒಂದಕ್ಕೆ ಬ್ಲೇಡು, ಇನ್ನೊಂದಕ್ಕೆ ದಾರ ಹಾಕಿಟ್ಟರೆ ದಿನವಿಡೀ ಬಿಚ್ಚಿ ಕಟ್ಟುವ ಕೆಲಸ ತಪ್ಪುತ್ತದೆ, ಒಂದು ಕೆಟ್ಟರೂ ಇನ್ನೊಂದರಿಂದ ಅಂದಿನ ಪ್ಲಾಟು ಮುಗಿಯುತ್ತದೆ. ಒಂದೇ ಮಾದರಿ ಇರಲಿ ಎಂದದ್ದೂ ಇದಕ್ಕಾಗಿಯೇ. ಪ್ಲಗ್, ಫಿಲ್ಟರ್, ಕ್ಲಚ್, ಸ್ಟಾರ್ಟರ್ ಹಗ್ಗ ಎಲ್ಲವೂ ಒಂದೇ ಡಬ್ಬಿಯಲ್ಲಿ ಸಿಗುತ್ತವೆ.

ಒಂದೇ ಎಂಜಿನ್ನಿಗೆ ಕಳೆ ಕೀಳುವ, ಬೇಲಿ ಕತ್ತರಿಸುವ, ಮಣ್ಣು ಅಗೆಯುವ ಏಳೆಂಟು ತುದಿಗಳನ್ನು ಸೇರಿಸಿ ಮಾರುವ ಸೆಟ್ಟುಗಳ ಬಗ್ಗೆ ನೀವು ಕೇಳಿಲ್ಲವಾದರೂ ಅಂಗಡಿಯವರು ತೋರಿಸಿಯೇ ತೋರಿಸುತ್ತಾರೆ. ಬೇಡ ಎಂದು ಹೇಳಿರಿ. ನೆಲ ಅಗೆಯುವ ತುದಿಯ ಭಾರಕ್ಕೆ ಇಷ್ಟು ಸಣ್ಣ ಯಂತ್ರದ ಶಾಫ್ಟು ಮತ್ತು ಕ್ಲಚ್ ತಾಳುವುದಿಲ್ಲ.

ಮೈಗಾವಲಿನಲ್ಲಿ ಮಾಸ್ಕ್ ಮತ್ತು ಕೈಗವಸಿನ ಜೊತೆಗೆ ಮುಖಕ್ಕೆ ಜಾಲರಿಯ ಕವಚ, ಅದರೊಳಗೆ ಕನ್ನಡಕ, ಕಿವಿಗೆ ಇಯರ್ ಮಫ್, ಮೊಣಕಾಲಿನ ಕೆಳಗೆ ಗಟ್ಟಿ ಗಾರ್ಡ್, ಗಮ್ ಬೂಟು ಕಡ್ಡಾಯ. ಯಂತ್ರ ನಡೆಯುವಾಗ 15 ಮೀಟರ್ ಒಳಗೆ ಯಾರೂ ಇರಬಾರದು ಎಂಬುದು ಕಂಪನಿಗಳೇ ಕೊಡುವ ಎಚ್ಚರಿಕೆ. 40 ಅಡಿ ಅಗಲದ ಪ್ಲಾಟಿನಲ್ಲಿ ಈ ಅಂತರ ಪಕ್ಕದ ಮನೆಯ ಅಂಗಳದವರೆಗೆ ಹೋಗುತ್ತದೆ. ಹಾಗಾಗಿ ಎರಡು ಬಿದಿರು ಗಳಗಳಿಗೆ ಕಟ್ಟಿದ ಎಂಟು ಹತ್ತು ಅಡಿ ಉದ್ದದ ದಪ್ಪ ಶೇಡ್ ನೆಟ್ ಪರದೆಯೊಂದನ್ನು ನೀವೇ ಮಾಡಿಸಿಕೊಳ್ಳಿರಿ. ರಸ್ತೆಯ ಬದಿಗೆ, ನಿಂತ ಕಾರಿನ ಕಡೆಗೆ, ಮಕ್ಕಳು ಆಡುವ ಕಡೆಗೆ ಅದನ್ನು ನೆಲಕ್ಕೆ ಊರಿ ನಿಲ್ಲಿಸಿದರೆ ಹಾರಿ ಬರುವ ಗರಸಿನ ಕಲ್ಲನ್ನು ಅದು ತಡೆಯುತ್ತದೆ. ಒಂದು ಕಾರಿನ ಗಾಜಿನ ಬೆಲೆ ಹತ್ತು ಪ್ಲಾಟುಗಳ ಗಳಿಕೆಯನ್ನು ನುಂಗಬಲ್ಲದು, ಮಗುವಿನ ಕಣ್ಣಿಗೆ ಬೆಲೆ ಕಟ್ಟಲಾಗದು. ಯಂತ್ರ ಚಾಲೂ ಮಾಡುವ ಮೊದಲು ಕೋಲಿನಿಂದ ಹುಲ್ಲು ಸರಿಸುತ್ತ ಇಡೀ ಪ್ಲಾಟನ್ನು ಒಮ್ಮೆ ನಡೆದು, ಬಾಟಲಿ ತಂತಿಗಳನ್ನು ಆರಿಸಿ ತೆಗೆಯಿರಿ. ಆ ನಡಿಗೆಯಲ್ಲಿಯೇ ನಾಗರಹಾವೋ ಕೊಳಕುಮಂಡಲವೋ ಇದ್ದರೆ ಗೊತ್ತಾಗುತ್ತದೆ. ರಸ್ತೆಯ ಬದಿಯಿಂದ ಒಳಕ್ಕೆ ಒಂದೇ ದಿಕ್ಕಿನಲ್ಲಿ ಕತ್ತರಿಸುತ್ತ ಹೋದರೆ ಅದಕ್ಕೆ ಹಿಂದಿನ ಪ್ಲಾಟಿಗೆ ಸರಿದುಹೋಗಲು ದಾರಿ ಇರುತ್ತದೆ. ಯಾರಿಗಾದರೂ ಕಚ್ಚಿದರೆ ಕಟ್ಟು ಬಿಗಿಯದೆ, ಕೊಯ್ಯದೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಕತ್ತರಿಸುವುದಕ್ಕಿಂತ ಕತ್ತರಿಸಿದ್ದನ್ನು ಕೂಡಿಸಿ ಸಾಗಿಸಲು ಹೆಚ್ಚು ಹೊತ್ತು ಬೇಕೆಂಬುದನ್ನು ಹೊಸಬರು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಉದ್ದ ಹಿಡಿಕೆಯ ಕಬ್ಬಿಣದ ಹಲ್ಲಿನ ಪಂಜ ಎರಡು, ದೊಡ್ಡ ಟಾರ್ಪಾಲು ಎರಡು ಇರಲಿ. ಟಾರ್ಪಾಲಿನ ಮೇಲೆ ಎಳೆದು ರಸ್ತೆಗೆ ತಂದರೆ ಬುಟ್ಟಿಯಲ್ಲಿ ಹೊರುವ ಶ್ರಮ ಉಳಿಯುತ್ತದೆ. ವಾಹನವನ್ನು ಈಗಲೇ ಕೊಳ್ಳಬೇಡಿರಿ. ಗೂಡ್ಸ್ ಆಟೋವನ್ನು ಟ್ರಿಪ್ಪಿನ ಲೆಕ್ಕದಲ್ಲಿ ಗೊತ್ತುಮಾಡಿಕೊಂಡು, ಹುಬ್ಬಳ್ಳಿ ಕಡೆಯ ಕೆಲಸ ಒಂದು ದಿನ, ಧಾರವಾಡದ ಕಡೆಯದು ಇನ್ನೊಂದು ದಿನ ಎಂದು ಹಂಚಿಕೊಂಡರೆ ಎರಡೂರಿನ ನಡುವಿನ 20 ಕಿ.ಮೀ. ಓಡಾಟ ಅನವಶ್ಯವಾಗಿ ಬೆಳೆಯುವುದಿಲ್ಲ. ಹೂ ಬಿಡದ ಕಾಂಗ್ರೆಸ್ಸನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಹೂ ಬಿಟ್ಟದ್ದನ್ನು ಚೀಲದಲ್ಲಿ ಕಟ್ಟಿ, ಪಾಲಿಕೆಯವರಲ್ಲಿ ವಿಚಾರಿಸಿ ಅವರು ಹೇಳಿದ ಜಾಗಕ್ಕೆ ಒಯ್ಯಬೇಕು. ಪ್ಲಾಟಿನಲ್ಲಿಯೇ ಬೆಂಕಿ ಹಚ್ಚುವ ರೂಢಿಯನ್ನು ನೀವು ಮುಂದುವರಿಸಬಾರದು. ಬಯಲಿನಲ್ಲಿ ಕಸ ಸುಡುವವರಿಗೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ವಿಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿಯೇ ಆದೇಶಿಸಿದೆ.

ಬಳ್ಳಾರಿ ಜಾಲಿ ಬೆಳೆದ ಪ್ಲಾಟುಗಳನ್ನು ನಿಮ್ಮ ಯಂತ್ರದಿಂದ ಮಾಡಲು ಹೋಗಬೇಡಿರಿ. ಕಡಿದಷ್ಟೂ ಬುಡದಿಂದ ಚಿಗುರುವ ಗಿಡವದು. ಜೆಸಿಬಿಯನ್ನು ತಾಸಿನ ಬಾಡಿಗೆಗೆ ತರಿಸಿ ಬೇರು ಎತ್ತಿಸುವುದೊಂದೇ ಸರಿ, ಆ ಖರ್ಚನ್ನು ಮಾಲೀಕರಿಗೆ ಮೊದಲೇ ತಿಳಿಸಿರಿ. ಮರ ಕಡಿಯುವ ಕೋರಿಕೆ ಬಂದರೆ, ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಪಡೆದ ಪತ್ರವನ್ನು ನೋಡಿದ ಹೊರತು ಒಪ್ಪಿಕೊಳ್ಳಬಾರದು. ಕಳೆನಾಶಕ ಸಿಂಪಡಿಸಿಕೊಡಿ ಎಂದು ಕೇಳುವವರೂ ಇರುತ್ತಾರೆ. ಗ್ಲೈಫೋಸೇಟ್ ಎಂಬ ಕಳೆನಾಶಕದ ಬಳಕೆಯನ್ನು ಕೇಂದ್ರ ಸರ್ಕಾರ 2022ರ ಅಕ್ಟೋಬರಿನ ಅಧಿಸೂಚನೆಯಲ್ಲಿ ಕೀಟ ನಿಯಂತ್ರಣ ಪರವಾನಗಿ ಉಳ್ಳವರಿಗೆ ಸೀಮಿತಗೊಳಿಸಿತು. ಬಾವಿ, ನೀರಿನ ಸಂಪು, ಕೈತೋಟಗಳ ಪಕ್ಕದಲ್ಲಿ ಅದನ್ನು ಹೊಡೆಯುವ ಕೆಲಸಕ್ಕೆ ನೀವು ಇಳಿಯದಿರುವುದೇ ಲೇಸು.

ಬ್ಯಾಟರಿಯ ಬ್ರಷ್ ಕಟರುಗಳು ಹೆಚ್ಚು ಸದ್ದಿಲ್ಲದೆ, ಹೊಗೆಯಿಲ್ಲದೆ ನಡೆಯುತ್ತವೆ, ಮನೆಯಂಗಳದ ಹುಲ್ಲಿಗೆ ಹಿತವಾಗಿವೆ. ಆದರೆ ಬಲಿತ ಕಾಂಗ್ರೆಸ್ಸಿನ ಮುಂದೆ ಬ್ಯಾಟರಿ ಬೇಗ ಇಳಿಯುತ್ತದೆ, ಖಾಲಿ ಪ್ಲಾಟಿನಲ್ಲಿ ಚಾರ್ಜ್ ಮಾಡಲು ಕರೆಂಟು ಇರುವುದಿಲ್ಲ, ದಿನವಿಡೀ ಸಾಲುವಷ್ಟು ಹೆಚ್ಚುವರಿ ಬ್ಯಾಟರಿಗಳ ಬೆಲೆ ಯಂತ್ರದ ಬೆಲೆಯನ್ನೇ ಮೀರುತ್ತದೆ. ತಿಂಗಳ ಒಪ್ಪಂದದ ಮೇಲೆ ಅಂಗಳ ನೋಡಿಕೊಳ್ಳುವ ಮನೆಗಳು ಹತ್ತಿಪ್ಪತ್ತು ಕೂಡಿಬಂದ ಮೇಲೆ ಒಂದನ್ನು ಕೊಳ್ಳಬಹುದು.

ಸಬ್ಸಿಡಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಕೃಷಿ ಯಂತ್ರಗಳ ಸಹಾಯಧನ ರೈತರು ತಮ್ಮ ಹೊಲದಲ್ಲಿ ಬಳಸಲೆಂದು ಇರುವುದು. ತಂದೆಯವರಿಗೆ ಹೊಲಕ್ಕೆ ನಿಜವಾಗಿ ಬೇಕಿದ್ದರೆ ಅವರು ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ ಹಾಕಲಿ. ನಿಮ್ಮ ಉದ್ಯೋಗದ ಯಂತ್ರವನ್ನು ಆ ಹೆಸರಿನಲ್ಲಿ ತರಬೇಡಿರಿ. ಹಣ ಸಾಲದೆ ಬಂದರೆ ಸಣ್ಣ ಉದ್ಯಮಗಳಿಗಿರುವ ಸರ್ಕಾರದ ಉದ್ಯಮ್ ನೋಂದಣಿಯನ್ನು ಉಚಿತವಾಗಿ ಮಾಡಿಸಿಕೊಂಡು, 50,000 ರೂಪಾಯಿವರೆಗಿನ ಮುದ್ರಾ ಶಿಶು ಸಾಲಕ್ಕೆ ಬ್ಯಾಂಕಿನಲ್ಲಿ ಕೇಳಬಹುದು.

ಕೃಷಿ ಮೇಳಕ್ಕೆ ಕಾಯಬೇಕಾಗಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಮೇಳ ಸಾಮಾನ್ಯವಾಗಿ ನಡೆಯುವುದು ಸೆಪ್ಟೆಂಬರಿನಲ್ಲಿ, ಅಷ್ಟರಲ್ಲಿ ನಿಮ್ಮ ಹಂಗಾಮಿನ ಒಳ್ಳೆಯ ಭಾಗ ಕಳೆದಿರುತ್ತದೆ. ಹೋಗಿ ನೋಡಲು ಅದು ಉತ್ತಮ ಜಾಗ. ಹತ್ತಾರು ಕಂಪನಿಗಳ ಯಂತ್ರಗಳನ್ನು ಒಂದೇ ದಿನ ಹೆಗಲಿಗೆ ಹಾಕಿ ತೂಗಿ ನೋಡಬಹುದು. ಕೊಳ್ಳುವುದನ್ನು ಮಾತ್ರ ಏಪ್ರಿಲ್ ಅಥವಾ ಮೇ ತಿಂಗಳಲ್ಲಿ, ಹುಬ್ಬಳ್ಳಿಯಲ್ಲಿಯೇ ಮೆಕ್ಯಾನಿಕ್ ಇರುವ ಅಂಗಡಿಯಲ್ಲಿ ಮಾಡಿರಿ. ಹಣ ಕೊಡುವ ಮೊದಲು ಮೂರು ಮಾತು ಕೇಳಿರಿ: ಕ್ಲಚ್ ಮತ್ತು ಕಾರ್ಬುರೇಟರ್ ಈಗ ಕಪಾಟಿನಲ್ಲಿದೆಯೆ, ಇದ್ದರೆ ತೆಗೆದು ತೋರಿಸುವಿರಾ? ಜುಲೈನಲ್ಲಿ ಯಂತ್ರ ಕೆಟ್ಟರೆ ಎಷ್ಟು ದಿನಕ್ಕೆ ಕೈಗೆ ಕೊಡುವಿರಿ? ಬಾಡಿಗೆ ಕೆಲಸಕ್ಕೆ ಬಳಸಿದರೂ ವಾರಂಟಿ ನಿಲ್ಲುವುದೆ? ಮೂರನೆಯದಕ್ಕೆ ಬರೆದುಕೊಟ್ಟ ಉತ್ತರ ಪಡೆಯಿರಿ, ಏಕೆಂದರೆ ಮನೆಬಳಕೆಗೆಂದು ಮಾರಿದ ಯಂತ್ರವನ್ನು ಉದ್ಯೋಗಕ್ಕೆ ಬಳಸಿದಾಗ ವಾರಂಟಿಯ ಅವಧಿಯನ್ನು ಕಡಿತ ಮಾಡುವ ಷರತ್ತು ಕೆಲವು ಪುಸ್ತಕಗಳಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಅಂಗಡಿಯ ಅಂಗಳದಲ್ಲಿಯೇ ಎಂಜಿನ್ ತಣ್ಣಗಿರುವಾಗ ನೀವು ಒಮ್ಮೆ, ನಿಮ್ಮ ತಮ್ಮ ಒಮ್ಮೆ ಹಗ್ಗ ಎಳೆದು ಚಾಲೂ ಮಾಡಿ, ಕಾಲು ತಾಸು ಹೆಗಲ ಮೇಲೆ ಹೊತ್ತು ನಿಂತು ನೋಡಿರಿ. ಇಬ್ಬರ ಎತ್ತರಕ್ಕೂ ಪಟ್ಟಿ, ಹಿಡಿಕೆಗಳು ಹೊಂದುವ ಮಾದರಿಯನ್ನೇ ಆರಿಸಿಕೊಳ್ಳಿರಿ.